ತಮ್ಮನ ಹಸಿರು ದೋಣಿ

ಲಿಂಗಂಪಲ್ಲಿ

ಭಾಷೆ ಬದಲಾದ ಊರನ್ನೆಲ್ಲ ನಮ್ಮಜ್ಜಿ ಪರದೇಶ ಅಂತಲೇ ಕರೆಯುತ್ತಿದ್ದಳು. ಅವಳ ಬಾಯಿಂದ ಮಾತು ಕಲಿತ ನಾನೂ ಹಾಗೇ ಅನ್ನುತ್ತೇನೆ. ಆದ್ದರಿಂದ ಪಾಸ್‌ಪೋರ್ಟು ತೋರಿಸು ಅನ್ನಬೇಡಿರಿ. ವಿಜಯಪುರದಿಂದ ಹೈದರಾಬಾದಿಗೆ ಹೋಗಿ ಬಂದದ್ದೇ ನನ್ನ ಪರದೇಶ ಪ್ರವಾಸ.

ತಮ್ಮ ಮಲ್ಲಪ್ಪ ಫೋನಿನಲ್ಲಿ ಬಿಡಿಸಿ ಹೇಳಿದ್ದ. "ಅಕ್ಕಾ, ನಾಂಪಲ್ಲಿ ಅಂದ್ರ ಕಡೀ ಸ್ಟೇಷನ್. ಬೋರ್ಡು ಓದಾಕ ಹೋಗಬ್ಯಾಡ. ಡಬ್ಬ್ಯಾಗಿನ ಮಂದಿ ಎಲ್ಲಾ ಇಳದ್ರಂದ್ರ ನೀನೂ ಇಳಿ." ಲಿಂಗಂಪಲ್ಲಿ ಬಂದಾಗ ಡಬ್ಬಿಯ ಮಂದಿ ಎಲ್ಲ ಇಳಿದರು. ನಾನೂ ಇಳಿದೆ. ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಬಟ್ಟೆಯ ಚೀಲ ಒಂದು ಕಡೆ ಇಟ್ಟುಕೊಂಡು ಉಸಿರು ಬಿಡುವಷ್ಟರಲ್ಲಿ ಗಾಡಿ ನನ್ನನ್ನು ಬಿಟ್ಟು ನಾಂಪಲ್ಲಿಯ ಹಾದಿ ಹಿಡಿದಿತ್ತು.

ಈ ಊರಿನಲ್ಲಿ ದಾರಿ ಕೇಳಿದರೆ ಗೊತ್ತಿಲ್ಲ ಅನ್ನುವವರು ಸಿಗುವುದಿಲ್ಲ. ನಮ್ಮ ಕಡೆ "ಮುಂದ ಕೇಳ್ರಿ" ಅಂದು ಕೈ ತೊಳೆದುಕೊಳ್ಳುತ್ತೇವೆ. ಇಲ್ಲಿ ಮೂವರು ಮೂರು ದಿಕ್ಕು ತೋರಿಸಿದರು, ಆಮೇಲೆ ನನ್ನನ್ನು ಮರೆತು ತಮ್ಮತಮ್ಮಲ್ಲೇ ವಾದಕ್ಕೆ ಬಿದ್ದರು. ಕೊನೆಗೆ ಹೂವಿನ ಬುಟ್ಟಿ ಹೊತ್ತ ಒಬ್ಬ ಹೆಣ್ಣುಮಗಳು ನನ್ನ ಕೈಯಿಂದ ಫೋನು ತೆಗೆದುಕೊಂಡು ತಮ್ಮನಿಗೆ ತೆಲುಗಿನಲ್ಲಿ ಚೆನ್ನಾಗಿ ಬೈದಳು. ಏನು ಬೈದಳೋ ತಿಳಿಯಲಿಲ್ಲ. ನಡುನಡುವೆ ಬರುತ್ತಿದ್ದ 'ಅಕ್ಕ' ಅನ್ನುವ ಶಬ್ದ ಮಾತ್ರ ನಮ್ಮದೇ ಇತ್ತು.

ತಾಸಿನ ಮೇಲೆ ಮಲ್ಲಪ್ಪ ಬಂದ. ನಾನು ಅವನನ್ನು ಕೊನೆಗೆ ನೋಡಿದ್ದು ನಾಲ್ಕು ವರ್ಷದ ಹಿಂದೆ, ಮಿಲಿಟರಿ ಆಸ್ಪತ್ರೆಯ ಮಂಚದ ಮೇಲೆ. ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ, ಹೊದಿಕೆ ಅಲ್ಲಿಂದ ಸಪಾಟಾಗಿ ಬಿದ್ದಿತ್ತು. ಈಗ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಎದೆ ಎತ್ತಿ ನಡೆದು ಬಂದ. ಯಾವ ಕಾಲು ಹಡೆದವ್ವ ಕೊಟ್ಟದ್ದು, ಯಾವುದು ಕಾರಖಾನೆಯಲ್ಲಿ ಮಾಡಿದ್ದು ಅಂತ ನನಗೆ ಗುರುತೇ ಹತ್ತಲಿಲ್ಲ. ಕಣ್ಣು ತುಂಬಿದವು. ಅವನು ಅದಕ್ಕೆ ಜಾಗ ಕೊಡಲಿಲ್ಲ.

"ಇದು ನಾಂಪಲ್ಲಿ ಏನು ಅಕ್ಕಾ?"

"ಮಂದಿ ಎಲ್ಲಾ ಇಳದ್ರು. ನೀನ ಹೇಳಿದ್ದಿ ಅಲ್ಲ?"

"ಸೈನ್ಯದಾಗ ಇರಬೇಕಾಗಿತ್ತು ನೀ. ಹೇಳಿದ್ದಷ್ಟ ಮಾಡಾವರಿಗೆ ಅಲ್ಲಿ ಭಾಳ ಕಿಮ್ಮತ್ತು."

ಮಲ್ಕಾಜ್‌ಗಿರಿ

ತಮ್ಮ ನನ್ನನ್ನು ಕರೆಸಿದ್ದು ಬರೀ ಪ್ರೀತಿಗಲ್ಲ. ನಲವತ್ತು ವರ್ಷದಿಂದ ನಾನು ಹೊಲಿಗೆಯವಳು. "ಒಂದು ಸೀಟು ಹೊಲಿಯೂದೈತಿ, ಬಾ" ಅಂದಿದ್ದ. ಸ್ಕೂಟರಿನ ಸೀಟು ಇರಬೇಕು ಅಂದುಕೊಂಡಿದ್ದೆ.

ಮಲ್ಕಾಜ್‌ಗಿರಿಯ ಅವರ ಓಣಿಯಲ್ಲಿ ಅರ್ಧ ಮಂದಿ ರೈಲ್ವೆಯವರು. ಅಲ್ಲಿ ಯಾರೂ ಗಂಟೆ ಹೇಳುವುದಿಲ್ಲ. ಪಕ್ಕದ ಮನೆಯಾಕೆಗೆ ಊಟ ಎಷ್ಟೊತ್ತಿಗೆ ಅಂತ ಕೇಳಿದರೆ ಇಂಥ ಗಾಡಿ ಹೋದ ಮೇಲೆ ಅನ್ನುತ್ತಾಳೆ. ಗಾಡಿ ತಡವಾದ ದಿನ ಅವರ ಮನೆಯಲ್ಲಿ ಊಟವೂ ತಡ.

ಬಾಗಿಲು ದಾಟಿದರೆ ಪಡಸಾಲೆಯ ಉದ್ದಕ್ಕೂ ಒಂದು ದೋಣಿ. ಹನ್ನೆರಡು ಅಡಿ ಉದ್ದ, ಪ್ಲಾಸ್ಟಿಕ್ಕಿನದು, ಕಿತ್ತಳೆ ಹಣ್ಣಿನ ಬಣ್ಣ. ಮೂತಿ ಹೊರಬಾಗಿಲಿಗೆ, ಬಾಲ ಅಡುಗೆಮನೆಗೆ. ಕುರ್ಚಿಗಳೆಲ್ಲ ಬಾಲ್ಕನಿ ಸೇರಿದ್ದವು. ಗಾಳದ ಕೋಲು ನಿಲ್ಲಿಸಲು ಇರುವ ತೂತಿನಲ್ಲಿ ತಮ್ಮನ ಹೆಂಡತಿ ಶಾಂತಾ ಛತ್ರಿ ನಿಲ್ಲಿಸಿದ್ದಳು.

ನಮ್ಮ ಕಡೆ ದೋಣಿ ಅಂದರೆ ಕೃಷ್ಣಾ ಹೊಳೆಯ ದೋಣಿ. ಅದರಲ್ಲಿ ಮದುವೆಯ ದಿಬ್ಬಣ, ಎರಡು ಸೈಕಲ್ಲು, ಒಂದು ಆಕಳು ಹಿಡಿಸಬೇಕು. ಇದು ಸೀಳಿದ ಸವತಿಕಾಯಿ ಇದ್ದಂಗಿತ್ತು. ಒಬ್ಬನೇ ಕಾಲು ಚಾಚಿ ಕೂಡಬೇಕು.

"ಇದಕ್ಕ ಕಯಾಕ್ ಅಂತಾರ ಅಕ್ಕಾ," ಅಂದ ತಮ್ಮ.

"ಏನರ ಅನ್ನಲಿ, ದೇವರ ಕೋಣಿಗೆ ಹೋಗಾಕ ದಾರಿ ಎಲ್ಲೈತಿ?"

"ಸುತ್ತು ಹಾಕಿ ಬರ್ರಿ ಅಕ್ಕಾರ," ಅಂದಳು ಶಾಂತಾ. "ಆರು ತಿಂಗಳಾತು, ನಾ ಪ್ರದಕ್ಷಿಣಿ ಹಾಕಾಕತ್ತೀನಿ."

ಅವನು ಸ್ನಾನಕ್ಕೆ ಹೋದಾಗ, ರೊಟ್ಟಿ ಬಿಚ್ಚುತ್ತ ಅವಳು ಉಳಿದದ್ದನ್ನು ಹೇಳಿದಳು.

ಸೈನ್ಯದಲ್ಲಿ ಮಲ್ಲಪ್ಪನ ಕೆಲಸ ಬಂದೂಕಿನದಲ್ಲ. ಕಂದಕಕ್ಕೆ ಬಿದ್ದ ಲಾರಿ, ಕೆಸರಿನಲ್ಲಿ ಹೂತ ಗಾಡಿಗಳಿಗೆ ಉಕ್ಕಿನ ಹಗ್ಗ ಕಟ್ಟಿ ಎಳೆದು ತರುವುದು. ಇಪ್ಪತ್ತೆಂಟು ವರ್ಷ ಎಳೆದ. ನಿವೃತ್ತಿಗೆ ಆರು ತಿಂಗಳಿದ್ದಾಗ, ಒಂದು ಗುಡ್ಡದ ರಸ್ತೆಯಲ್ಲಿ ಬಿಗಿದ ಹಗ್ಗ ಹರಿದು ಚಾಟಿಯಂತೆ ಬಂದು ಕಾಲಿಗೆ ಬಡಿಯಿತು. ಮನೆಗೆ ಬಂದ ಮೇಲೆ ಎರಡು ವರ್ಷ ಕುರ್ಚಿ ಬಿಟ್ಟು ಏಳಲಿಲ್ಲ. ಆಮೇಲೆ ನಾಯುಡು ಅನ್ನುವವರು ಸಿಕ್ಕರು. ನೌಕಾಪಡೆಯಿಂದ ನಿವೃತ್ತರಾದವರು. ಗಾಯಗೊಂಡ ಮಾಜಿ ಸೈನಿಕರನ್ನು ಕೂಡಿಸಿಕೊಂಡು ತಿಂಗಳಿಗೊಮ್ಮೆ ವಿಕಾರಾಬಾದಿನ ಆಚೆ ಒಂದು ಕೆರೆಗೆ ಕರೆದೊಯ್ಯುತ್ತಾರೆ, ಕಯಾಕಿನಲ್ಲಿ ಕೂಡಿಸಿ ಗಾಳ ಕೈಗೆ ಕೊಡುತ್ತಾರೆ. ಮಲ್ಲಪ್ಪನಿಗೆ ಕುರ್ಚಿ ಬಿಡಿಸಿದ್ದು ಈ ದೋಣಿಯೇ.

ಆದರೆ ದೋಣಿ ಮಾತು ಕೇಳುತ್ತಿರಲಿಲ್ಲ. ಅದರ ಚುಕ್ಕಾಣಿ ಕಾಲಿನಿಂದ ತಿರುಗಿಸುವುದು: ಎಡಗಾಲು ಒತ್ತಿದರೆ ಎಡಕ್ಕೆ, ಬಲಗಾಲು ಒತ್ತಿದರೆ ಬಲಕ್ಕೆ. ಕಟ್ಟಿಸಿಕೊಂಡ ಕಾಲಿಗೆ ಎಷ್ಟು ಒತ್ತಿದೆ ಅನ್ನುವುದು ಹೇಗೆ ತಿಳಿಯಬೇಕು? ಕೆರೆಯ ನಡುವೆ ಎತ್ತಿನ ಗಾಣದಂತೆ ಸುತ್ತಿದ. ಒಮ್ಮೆ ಅಲ್ಲ, ಎರಡು ಸಲ. ಎರಡು ಸಲವೂ ನಾಯುಡು ಅವರು ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದರು.

"ಜೀವಮಾನ ಎಲ್ಲಾ ನಾ ಎಳದು ತಂದಾಂವ, ನನ್ನ ಎಳೀಬಾರದು ಅಂತಾರ್ರಿ," ಅಂದಳು ಶಾಂತಾ. "ಮೂರನೇ ಸಲ ಹಗ್ಗ ಬಿತ್ತಂದ್ರ ದೋಣಿ ಯಾರಿಗರ ಕೊಟ್ಟು ಮನ್ಯಾಗ ಕೂಡತೀನಿ ಅಂದಾರ. ಅವರು ಮನ್ಯಾಗ ಕೂತದ್ದು ನಾ ನೋಡೀನಿ ಅಕ್ಕಾರ. ಟೀವಿ ಬಂದ್ ಇರತಿತ್ತು. ಅದನ್ನ ನೋಡಕೋತ ಕೂಡತಿದ್ರು."

ಮುಂದಿನ ಸಲ ಕೆರೆಗೆ ಹೋಗಲು ನಾಲ್ಕು ದಿನ ಇತ್ತು. ಅಷ್ಟರಲ್ಲಿ ದೋಣಿಗೆ ಬ್ಯಾಟರಿಯ ಮೋಟಾರು ಕೂರಿಸಬೇಕು, ಒಂದೇ ಕಾಲಿಗೆ ಚುಕ್ಕಾಣಿ ಒಗ್ಗಿಸಬೇಕು. ನಾನು ಸೀಟು ಹೊಲಿಯಬೇಕು.

ಜೀಡಿಮೆಟ್ಲಾ

ದೋಣಿಯನ್ನು ಟೆಂಪೊದ ಮೇಲೆ ಕಟ್ಟಿಕೊಂಡು ಜೀಡಿಮೆಟ್ಲಾಕ್ಕೆ ಹೋದೆವು. ಅಲ್ಲಿಯ ಗಾಳಿಗೆ ಒಂದೊಂದು ತಿರುವಿನಲ್ಲಿ ಒಂದೊಂದು ವಾಸನೆ. ಒಂದು ಕಡೆ ಕೊಳೆತ ತತ್ತಿ, ಮುಂದೆ ಹೋದರೆ ಮಕ್ಕಳ ಕೆಮ್ಮಿನ ಔಷಧ. ಔಷಧ ಕಾರಖಾನೆಗಳ ನಡುವೆ ಒಂದು ತಗಡಿನ ಶೆಡ್ಡು, ಅದರಲ್ಲಿ ಯೂಸುಫ್ ಭಾಯಿ. ಸೈನ್ಯದಲ್ಲಿ ತಮ್ಮನ ವರ್ಕ್‌ಶಾಪಿನಲ್ಲೇ ಗಾಡಿಗಳಿಗೆ ವೆಲ್ಡಿಂಗು, ಬಣ್ಣ ಮಾಡುತ್ತಿದ್ದವರು.

"ಆವೋ ಆಪಾ, ಬೈಠೋ," ಅಂದು ನನಗೊಂದು ಸ್ಟೂಲು ಕೊಟ್ಟರು. ಆಮೇಲೆ ದೋಣಿಯ ಸುತ್ತ ಎರಡು ಸುತ್ತು ಬಂದು, ರೋಗಿಯ ಹೊಟ್ಟೆ ಮುಟ್ಟಿ ನೋಡುವ ಹಾಗೆ ಬಡಿದು ನೋಡಿದರು.

ಮೋಟಾರು ಸಮಸ್ಯೆ ಆಗಲಿಲ್ಲ. ಉದ್ದ ಕೋಲಿನ ತುದಿಗೆ ಪಂಖ ಇದ್ದ ಸಣ್ಣ ಮೋಟಾರು, ಬಾಲಕ್ಕೆ ಒಂದು ಪಟ್ಟಿ ಕೂರಿಸಿ ತೂಗುಬಿಟ್ಟರು. ಭಾರ ಹಿಂದೆ ಬೀಳಬಾರದೆಂದು ಬ್ಯಾಟರಿಯನ್ನು ಮೂತಿಯ ಕಡೆ ಇಟ್ಟರು. ಸಿಕ್ಕು ಬಿದ್ದದ್ದು ಚುಕ್ಕಾಣಿಯಲ್ಲಿ. ಕೈಗೆ ಕೊಡೋಣ ಅಂದರು ಯೂಸುಫ್ ಭಾಯಿ. ಒಂದು ಕೈ ಚುಕ್ಕಾಣಿಗೆ ಹೋದರೆ ಮೀನು ಯಾರು ಎಳೆಯಬೇಕು ಅಂದ ತಮ್ಮ. ಸೊಂಟಕ್ಕೆ ಕಟ್ಟೋಣ ಅಂದರು. ಸೀನಿದರೆ ದೋಣಿ ತಿರುಗುತ್ತದೆ ಅಂದ. ಎರಡು ದಿನ ಇಬ್ಬರೂ ಸೈಕಲ್ ಬ್ರೇಕಿನ ವೈಯರು ಹಿಡಿದು ಜಗಳಾಡಿದರು. ನಾನು ಮೂಲೆಯಲ್ಲಿ ಕೂತು ಸೀಟಿನ ದಿಂಬಿಗೆ ಕೈಹೊಲಿಗೆ ಹಾಕುತ್ತಿದ್ದೆ.

ಒಮ್ಮೆಲೇ ಯೂಸುಫ್ ಭಾಯಿ ಸುಮ್ಮನಾದರು. ತಲೆ ಎತ್ತಿದರೆ ನನ್ನ ಪಾದ ನೋಡುತ್ತಿದ್ದಾರೆ. ಮುಜುಗರವಾಗಿ ಸೀರೆ ಎಳೆದುಕೊಂಡೆ.

"ನಕ್ಕೊ ಆಪಾ, ಪಾಂವ್ ಚಲಾತೇ ರಹೋ," ಅಂದರು, ಕಾಲು ಆಡಿಸುತ್ತಲೇ ಇರು ಅಂತ.

ಆಗ ನನಗೂ ಗೊತ್ತಾಯಿತು. ಕೈಯಲ್ಲಿ ಸೂಜಿ ಇದ್ದರೆ ನನ್ನ ಕಾಲು ಸುಮ್ಮನಿರುವುದಿಲ್ಲ. ನಲವತ್ತು ವರ್ಷ ಮಷೀನು ತುಳಿದ ಕಾಲು, ಒಮ್ಮೆ ಬೆರಳಿನ ಕಡೆ, ಒಮ್ಮೆ ಹಿಮ್ಮಡದ ಕಡೆ, ನೆಲದ ಮೇಲೆಯೇ ತೂಗುತ್ತಿರುತ್ತದೆ. ಯೂಸುಫ್ ಭಾಯಿ ಸ್ಕೂಟರ್ ಹತ್ತಿ ಗುಜರಿಗೆ ಹೋಗಿ ಹಳೆ ಹೊಲಿಗೆ ಮಷೀನಿನ ತುಳಿಯುವ ಹಲಗೆ ತಂದರು. ಬೀಡುಕಬ್ಬಿಣದ್ದು, ಅದನ್ನು ಇಟ್ಟರೆ ದೋಣಿ ಮುಳುಗುತ್ತಿತ್ತು. ಅದರದೇ ಅಳತೆ ಹಿಡಿದು ಅಲ್ಯುಮಿನಿಯಂನಲ್ಲಿ ಸಣ್ಣದೊಂದು ಕತ್ತರಿಸಿ, ನಡುವೆ ಕೀಲು ಕೊಟ್ಟು, ಎರಡು ತುದಿಗೂ ವೈಯರು ಕಟ್ಟಿದರು. ಬೆರಳು ಒತ್ತಿದರೆ ಬಲಕ್ಕೆ, ಹಿಮ್ಮಡ ಒತ್ತಿದರೆ ಎಡಕ್ಕೆ, ಸುಮ್ಮನಿದ್ದರೆ ನೆಟ್ಟಗೆ. ಎಡಗಾಲೊಂದೇ ಸಾಕು. ತಮ್ಮ ಶೆಡ್ಡಿನ ನೆಲದ ಮೇಲೆ ದೋಣಿಯಲ್ಲಿ ಕೂತು ಮಧ್ಯಾಹ್ನವೆಲ್ಲ ತುಳಿದ. ಹಿಂದೆ ಚುಕ್ಕಾಣಿ ನಾಯಿಯ ಬಾಲದಂತೆ ಆಡುತ್ತಿತ್ತು. ಅವನ ಮುಖ ನೋಡಿ ನಾನು ದಾರ ಕಡಿಯುವುದನ್ನು ಮರೆತೆ.

ಕೊನೆಗೆ ಬಣ್ಣದ ಮಾತು ಬಂತು. ಮಾತೇನು, ಯಾರೂ ಮಾತಾಡಲೇ ಇಲ್ಲ. ಯೂಸುಫ್ ಭಾಯಿ ಡಬ್ಬಿ ತೆರೆದರು, ತಮ್ಮ ಕುಂಚ ಹಿಡಿದ. ಕಿತ್ತಳೆ ಬಣ್ಣದ ದೋಣಿ ಸಂಜೆಯೊಳಗೆ ಮಿಲಿಟರಿ ಹಸಿರಾಯಿತು, ಮೇಲೆ ಕಂದು ತೇಪೆ, ಕರಿ ತೇಪೆ. ಅವರ ಕಣ್ಣಲ್ಲಿ ಗಾಡಿ ಅಂದರೆ ಆ ಬಣ್ಣ. ನಾನೂ ಕಡಿಮೆಯವಳಲ್ಲ, ಸೀಟಿಗೆ ಅದೇ ಹಸಿರಿನ ಕ್ಯಾನ್ವಾಸು ಹುಡುಕಿ ತಂದು ಹೊಲಿದೆ. ಶಾಂತಾ ಗಂಡನಿಗೆ ಕೊಡಿಸಿದ್ದ ತೇಲುವ ಜಾಕೀಟೂ ಹಸಿರೇ. ಎಲ್ಲ ಒಂದಕ್ಕೊಂದು ಹೊಂದಿತು ಅಂತ ನಾವೆಲ್ಲ ಭಾಳ ಖುಷಿಪಟ್ಟೆವು.

ಕೆರೆ, ಬೆಳಿಗ್ಗೆ

ಗುಡ್ಡದ ಕಾಡು ಇಳಿದಾಗ ಕೆರೆ ಕಂಡಿತು. ನಮ್ಮೂರಿನಲ್ಲಿ ನೀರು ಅಂದರೆ ಕೊಡದಲ್ಲಿ ಇರುವಂಥದ್ದು, ಬೇಸಿಗೆಯಲ್ಲಿ ಟ್ಯಾಂಕರಿನಲ್ಲಿ ಬರುವಂಥದ್ದು. ಇಷ್ಟು ನೀರು ಯಾರಿಗೂ ಬೇಕಾಗದೆ ಸುಮ್ಮನೆ ಮಲಗಿದ್ದನ್ನು ನೋಡಿ ನಾನು ಚಪ್ಪಲಿ ಬಿಟ್ಟು ನಿಂತೆ. ಮೇಲೆ ತೆಳ್ಳಗೆ ಹಬೆ ಆಡುತ್ತಿತ್ತು. ಆಚೆ ದಡದಲ್ಲಿ ಆಳೆತ್ತರದ ಜಂಬು ಹುಲ್ಲು.

ಏಳು ಜನ ಬಂದಿದ್ದರು. ಒಬ್ಬರಿಗೆ ಒಂದು ಕೈ ಇಲ್ಲ, ಗಾಳದ ಕೋಲನ್ನು ಎದೆಗೆ ಕಟ್ಟಿಕೊಂಡಿದ್ದರು. ಇನ್ನೊಬ್ಬರಿಗೆ ಎರಡೂ ಕಣ್ಣಿಲ್ಲ. ಅವರು ಇಬ್ಬರು ಕೂಡುವ ದೋಣಿಯಲ್ಲಿ ಗೆಳೆಯನ ಮುಂದೆ ಕೂತು, ಗಾಳದ ದಾರದ ಮೇಲೆ ಒಂದು ಬೆರಳು ಇಟ್ಟಿದ್ದರು. ದೋಣಿ ಇನ್ನೂ ದಡದ ಹತ್ತಿರವೇ ಇತ್ತು. "ಬಂತು," ಅಂದರು ಮೆಲ್ಲಗೆ. ಕಣ್ಣಿದ್ದ ಗೆಳೆಯನಿಗೆ ಏನೂ ಕಂಡಿರಲಿಲ್ಲ. ಕೈ ಮೇಲೆತ್ತಿದರು, ಅಂಗೈ ಉದ್ದದ ಮೀನು ಬೆಳ್ಳಗೆ ಹೊಳೆಯಿತು. ಅದರ ಬೆನ್ನ ಮೇಲೆ ಒಮ್ಮೆ ಬೆರಳಾಡಿಸಿ, ಅದು ಯಾವ ಮೀನು ಅಂತ ಹೆಸರು ಹೇಳಿ, ತಿರುಗಿ ನೀರಿಗೆ ಬಿಟ್ಟರು.

"ಬಿಟ್ರಲ್ಲ," ಅಂದೆ ನಾನು.

"ಎಲ್ಲಾರೂ ಬಿಡೂದ ಅಕ್ಕಾ, ಅದ ಇಲ್ಲಿ ರಿವಾಜು," ಅಂದ ತಮ್ಮ.

"ನಮ್ಮ ಮನ್ಯಾಗಂತೂ ತತ್ತಿ ಸುದ್ದಿನೂ ಇಲ್ಲ. ಬಿಡೂದಾದ್ರ ಹಿಡೀತೀರಿ ಯಾಕ?"

ನಾಯುಡು ಅವರು ನಕ್ಕರು. ಎತ್ತರದ ಆಳು, ಬಿಳಿ ಮೀಸೆ. ಕನ್ನಡ ತಿಳಿಯುತ್ತದೆ, ಮಾತಾಡುವುದು ಹಿಂದಿ, ತೆಲುಗು ಕಲಸಿ. "ಅಕ್ಕಗಾರು, ಮೀನು ಕಚ್ಚಿದಾಗ ಒಂದು ಸಲ ಎಳೆಯುತ್ತದೆ ನೋಡಿರಿ. ಆ ಗಳಿಗೆಯಲ್ಲಿ ಇವರಿಗೆ ಬೇರೆ ಏನೂ ನೆನಪಿರುವುದಿಲ್ಲ. ಅಷ್ಟಕ್ಕೇ ಬರುತ್ತೇವೆ."

ತಮ್ಮನ ದೋಣಿ ನೋಡಿ ಅವರು "ಚಾಲಾ ಬಾಗುಂದಿ" ಅಂದು ಸಲಾಮು ಹೊಡೆದರು. ಬಣ್ಣದ ಬಗ್ಗೆ ಅವರೂ ಏನೂ ಅನ್ನಲಿಲ್ಲ. ಅವರದು ಹುಟ್ಟು ಹಾಕುವ ಹಳದಿ ದೋಣಿ. ಅದರ ಹಿಂದೆ ಸುತ್ತಿಟ್ಟ ಹಗ್ಗ ಇತ್ತು. ತಮ್ಮ ಅದನ್ನೊಮ್ಮೆ ನೋಡಿ ಮುಖ ತಿರುಗಿಸಿದ.

ದಡದಲ್ಲಿ ಕೂತು ಕಾಲು ಬಿಚ್ಚಿ ಶಾಂತಾಳ ಕೈಗೆ ಕೊಟ್ಟ. "ಇದನ್ನ ಹಿಡ್ಕೊ. ಇವತ್ತ ಇದಕ್ಕ ಕೆಲಸ ಇಲ್ಲ." ಅವಳು ಬೂಟಿನ ಸಮೇತ ಅದನ್ನು ಮಡಿಲಲ್ಲಿ ಇಟ್ಟುಕೊಂಡಳು. ಮೋಟಾರು ದುಂಬಿಯ ಹಾಗೆ ಗುಂಯ್ ಅಂದಿತು. ತಮ್ಮ ದೋಣಿಯನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಆಮೇಲೆ ನೂಲು ಹಿಡಿದ ಹಾಗೆ ನೆಟ್ಟಗೆ ಹೊರಟ. ನೀರಿನ ಮೇಲೆ ಅವನ ಹಿಂದೆ ಒಂದು ಗೆರೆ ಎಳೆದಂತಾಯಿತು. ನಾನು ಎಷ್ಟೋ ಮಾರು ಬಟ್ಟೆಗೆ ಹೊಲಿಗೆ ಹಾಕಿದ್ದೇನೆ, ಅಂಥ ನೇರ ಗೆರೆ ನನ್ನ ಕೈಯಿಂದ ಬಂದಿಲ್ಲ.

ಕೆರೆ, ಬಿಸಿಲೇರಿದ ಮೇಲೆ

ಹತ್ತರ ಸುಮಾರಿಗೆ ಶಾಂತಾ ಕೇಳಿದಳು, "ಅಕ್ಕಾರ, ಅವರು ಎಲ್ಲದಾರ್ರಿ?"

ನೋಡಿದೆ. ಕೆಂಪು ದೋಣಿ ಇತ್ತು, ನೀಲಿ ಇತ್ತು, ಹಳದಿ ಇತ್ತು. ಹಸಿರು ಇರಲಿಲ್ಲ. ಅಂದರೆ ಆಚೆ ದಡವೆಲ್ಲ ಹಸಿರೇ ಇತ್ತು, ಅದರಲ್ಲಿ ಎಲ್ಲಿ ಹುಲ್ಲು, ಎಲ್ಲಿ ಕಂದು ಮಣ್ಣು, ಎಲ್ಲಿ ಕರಿ ನೆರಳು, ಎಲ್ಲಿ ತಮ್ಮ ಅಂತ ಗೊತ್ತಾಗಲಿಲ್ಲ. ಆಗ ಹೊಳೆಯಿತು. ಶತ್ರುವಿಗೆ ಕಾಣಬಾರದ ಬಣ್ಣ ಬಳಿದು, ಅದಕ್ಕೆ ಹೊಂದುವ ಸೀಟು ಹೊಲಿದು ನಾವೇ ಅವನನ್ನು ಬಚ್ಚಿಟ್ಟಿದ್ದೆವು.

ಶಾಂತಾ ಫೋನು ಮಾಡಿದಳು. ಅವಳ ಚೀಲದಲ್ಲೇ ಅದು ಬಾರಿಸಿತು. ಒದ್ದೆಯಾದೀತೆಂದು ಅವಳ ಹತ್ತಿರವೇ ಬಿಟ್ಟು ಹೋಗಿದ್ದ.

ಅವನ ಕೊರಳಲ್ಲಿ ಸೀಟಿ ಇತ್ತು. ಊದಲಿಲ್ಲ. ನಮ್ಮ ಜೊತೆ ಬಂದಿದ್ದ ಯೂಸುಫ್ ಭಾಯಿ ದಡದಿಂದ ಕೂಗಿದರು, ನಾನು ಕೂಗಿದೆ, ಶಾಂತಾ ಆ ಕಾಲನ್ನು ಎದೆಗೆ ಅವಚಿಕೊಂಡು ನೀರಿಗೆ ಇಳಿದು ಕೂಗಿದಳು. ಉತ್ತರವಿಲ್ಲ. ನಾಯುಡು ಅವರು ಹಳದಿ ದೋಣಿ ತಿರುಗಿಸಿ ಜಂಬಿನ ಕಡೆ ಹೋದರು. ಅದರ ಅಂಚಿನ ಉದ್ದಕ್ಕೂ ಹೆಸರು ಹಿಡಿದು ಕರೆಯುತ್ತ ಹೋದರು, ಹಾಗೇ ತಿರುಗಿ ಬಂದರು. ಅವರಿಗೂ ಏನೂ ಕಾಣಲಿಲ್ಲ ಅನ್ನುವುದು ಅವರ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಮೂರನೇ ಸಲ ಹೋಗಿ ಜಂಬಿನ ಮೂಲೆಯೊಂದರ ಹಿಂದೆ ಮರೆಯಾದರು.

"ದೋಣಿ ಬ್ಯಾಡ ಏನೂ ಬ್ಯಾಡ," ಅಂದಳು ಶಾಂತಾ. "ಬಂದು ಟೀವಿ ಮುಂದ ಕೂಡಲಿ." ಹಾಗೆ ಅಂದವಳೇ ಬಾಯಿ ಮುಚ್ಚಿಕೊಂಡಳು.

ಎಷ್ಟು ಹೊತ್ತು ನಿಂತೆವೋ. ಆಮೇಲೆ ಹಳದಿ ದೋಣಿ ಮೂಲೆಯಿಂದ ಹೊರಬಂತು. ನಾಯುಡು ಅವರ ಹುಟ್ಟು ತೊಡೆಯ ಮೇಲೆ ಅಡ್ಡ ಇತ್ತು, ಎರಡೂ ಕೈ ಅದರ ಮೇಲೆ. ಮನುಷ್ಯ ಕದಲುತ್ತಿಲ್ಲ, ದೋಣಿ ಮಾತ್ರ ನಮ್ಮ ಕಡೆ ತಾನಾಗಿ ಬರುತ್ತಿದೆ. ಯೂಸುಫ್ ಭಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು, "ರಸ್ಸೀ," ಅಂದರು. ಹಳದಿ ದೋಣಿಯ ಮೂತಿಯಿಂದ ಒಂದು ಹಗ್ಗ ಮುಂದಕ್ಕೆ ಹೋಗಿತ್ತು. ಆ ಹಗ್ಗ ಮುಗಿಯುವಲ್ಲಿ ಹಸಿರು ಹಸಿರಿನಿಂದ ಬಿಡಿಸಿಕೊಂಡು, ಮೆಲ್ಲಗೆ ದೋಣಿಯಾಯಿತು. ಅದರಲ್ಲಿ ನನ್ನ ತಮ್ಮ.

ಅವನು ಹಿಂದೆ ತಿರುಗಿ ಹಿಂದಿಯಲ್ಲಿ ನಾಯುಡು ಅವರಿಗೆ ಗದರುತ್ತಿದ್ದ. ಹಗ್ಗ ಬಿಗಿದಾಗ ಅದರ ಸಾಲಿಗೆ ಎದೆ ಕೊಡಬೇಡಿರಿ, ಒಂದು ಪಕ್ಕಕ್ಕೆ ವಾಲಿ ಕೂಡಿರಿ ಅಂತ. ನೌಕಾಪಡೆಯ ಆ ದೊಡ್ಡ ಆಳು ಶಾಲೆಯ ಹುಡುಗನ ಹಾಗೆ ಪಕ್ಕಕ್ಕೆ ವಾಲಿ ಕೂತಿದ್ದರು.

ದಡ

ಶಾಂತಾ ಮೊಣಕಾಲ ನೀರಿನಲ್ಲಿ ನಿಂತಿದ್ದಳು. ದೋಣಿ ಬಂದು ಅವಳಿಗೆ ತಾಗಿ ನಿಂತಿತು.

"ಎಲ್ಲಿದ್ರಿ?"

"ಜಂಬಿನಾಗ. ಮೋಟಾರಿನ ಪಂಖಕ್ಕ ಹುಲ್ಲು ಸುತ್ತಿತ್ತು. ಹೊಟ್ಟಿ ಮ್ಯಾಲ ಹಿಂದ ತೆವಳಿ ಹೋಗಿ ಒಂದೊಂದ ಎಳಿ ಬಿಡಿಸಿದೆ."

"ನಾವು ಒದರೂದು ಕೇಳಿಸಲಿಲ್ಲೇನು?"

"ಕೇಳಸ್ತು. ನಾಯುಡು ಸಾಹೇಬ್ರು ಹತ್ತು ಮಾರು ದೂರದಾಗ ಎರಡು ಸಲ ಹಾದು ಹೋದ್ರು."

"ಓ ಅನ್ನಬಾರದಾಗಿತ್ತೇನು?"

"ಓ ಅಂದ್ರ ಹಗ್ಗ ಬರತಿತ್ತು."

ಅವಳು ಕಾಲನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಅವನು ಕಟ್ಟಿಕೊಂಡು, ಯಾರ ಕೈಯನ್ನೂ ಹಿಡಿಯದೆ ದಡ ಹತ್ತಿದ.

ನಾನು ನಾಯುಡು ಅವರಿಗೆ ಚಹಾ ಕೊಡುತ್ತ ಕೇಳಿದೆ, ಕೈ ಸೋತಿತ್ತೇನ್ರಿ ಅಂತ.

"ಎದುರು ಗಾಳಿ ಅಕ್ಕಗಾರು," ಅಂದರು. "ಕೈ ಸೋತಿತು, ಎಳೆದುಕೊಂಡು ಹೋಗು ಅಂದೆ. ಮಲ್ಲಪ್ಪ ಇದ್ದ, ಬಚಾವಾದೆ."

ಆ ಹೊತ್ತಿನಲ್ಲಿ ದಡದ ಮೇಲೆ ಶಾಂತಾಳ ಸೆರಗು ಕೂಡ ಅಲುಗುತ್ತಿರಲಿಲ್ಲ. ನಾನು ಅವರ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದೆ.

ತಿರುಗಿ ಮಲ್ಕಾಜ್‌ಗಿರಿ

ಮರುದಿನ ನನ್ನ ಗಾಡಿ. ತಮ್ಮ ಪಡಸಾಲೆಯಲ್ಲಿ ದೋಣಿಯ ಪಂಖ ಉಜ್ಜುತ್ತ, ಯಾರ ಕಡೆಗೂ ನೋಡದೆ ಅಂದ, "ಬಣ್ಣ ಬದಲಿ ಮಾಡೂದಿಲ್ಲ. ಯೂಸುಫ್ ಭಾಯಿ ಮನಸಿಗೆ ಹಚ್ಚಕೋತಾನ. ಬೇಕಾದ್ರ ಹಿಂದ ಒಂದು ಕೋಲು ನಿಲ್ಲಸಿ, ಸಣ್ಣದೊಂದು ಕೆಂಪು ಅರಿವಿ ಕಟ್ಟತೀನಿ. ಅಂಗೈಯಷ್ಟು ಸಾಕು."

ಶಾಂತಾ ಒಳಗೆ ಹೋದಳು. ನಾನು ಅವಳಿಗೆಂದು ಗುಳೇದಗುಡ್ಡದ ಖಣ ತಂದಿದ್ದೆ, ಕುಬಸಕ್ಕೆ. ಕುಂಕುಮದಂಥ ಕೆಂಪು, ಹಸಿರು ಅಂಚು. ಮಡಿಕೆಯನ್ನೂ ಬಿಚ್ಚದ ಅದನ್ನು ತಂದು ನನ್ನ ಮುಂದೆ ಇಟ್ಟಳು. ನಾನು ಅಂಗೈಯಷ್ಟು ಅಳೆದು ಕತ್ತರಿ ಎತ್ತಿದೆ.

ಅವಳು ಕತ್ತರಿಯನ್ನು ಹಿಡಿದುಕೊಂಡಳು.

"ಇಡೀದ ಇರಲಿ ಅಕ್ಕಾರ," ಅಂದಳು. "ನನಗ ಕಾಣಬೇಕು."

ನಾಲ್ಕೂ ಬದಿಗೆ ಅಂಚು ಮಡಚಿ, ಎರಡೆರಡು ಸಲ ಹೊಲಿಗೆ ಹಾಕಿ ಕೊಟ್ಟು ಬಂದೆ.